ಗುಡಾರ ಒಣಗಿಸುವವರು ಯಾರು

ದೆಸ್ಸಿಯೆ ಊರಲ್ಲಿ ಹಳ್ಳದ ಈಚೆಗಿರುವ ನಾವು ಕೆಳದಂಡೆಯವರು, ಆಚೆಗಿರುವವರು ಮೇಲ್ದಂಡೆಯವರು. ನಡುವೆ ಒಂದು ಕಾಲುಸೇತುವೆ. ಎರಡು ದಂಡೆಗೂ ಒಂದೊಂದು ಇದ್ದಿರ್ ಇದೆ. ಯಾರ ಮನೆಯಲ್ಲಿ ಸಾವಾದರೂ ಗುಡಾರ ಹಾಕಿ, ಬೆಂಚು ಜೋಡಿಸಿ, ಮೂರು ದಿನ ಬಂದುಹೋಗುವವರ ಊಟ ಕಾಫಿ ನೋಡಿಕೊಳ್ಳುವ ಸಂಘ ಅದು. ಚರ್ಚಿಗೆ ಹೋಗುವವರೂ ಮಸೀದಿಗೆ ಹೋಗುವವರೂ ಒಂದೇ ಪಟ್ಟಿಯಲ್ಲಿರುತ್ತಾರೆ.

ಮೇಲ್ದಂಡೆಯ ಇದ್ದಿರಿಗೆ ಕಾರ್ಯದರ್ಶಿ ಯೆಶಿಹರೆಗ್ ದೆಮಿಸ್ಸೆ. ಎಲ್ಲರ ಬಾಯಲ್ಲಿ ಯೆಶಿ. ಕುಳ್ಳಗಿನ, ಚುರುಕು ನಡಿಗೆಯ ಹೆಂಗಸು. ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಇಪ್ಪತ್ತಾರು ವರ್ಷ ಜಿಲ್ಲಾ ಕೋರ್ಟಿನಲ್ಲಿ ನಕಲು ಬರೆಯುವ ಕೆಲಸ ಮಾಡಿ ನಿವೃತ್ತಳಾಗಿದ್ದಳು. ತೀರ್ಪು, ಕರಾರು, ರಾಜಿಪತ್ರ, ಏನೇ ಬಂದರೂ ದುಂಡಗಿನ ಅಕ್ಷರದಲ್ಲಿ ಮೂರು ಪ್ರತಿ ಬರೆದುಕೊಡುವುದು ಅವಳ ಕೆಲಸ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಮೇಜಿಗೆ ಅಣ್ಣತಮ್ಮಂದಿರ ಒಂದು ಮೊಕದ್ದಮೆ ಬಂದಿತ್ತು. ಇಬ್ಬರ ಹಿತ್ತಲಿನ ನಡುವೆ ಒಂದು ಕಲ್ಲುಗೋಡೆ. ಪಾಲಾಗುವಾಗ ಬರೆಸಿದ ಪತ್ರದಲ್ಲಿ ‘ಗೋಡೆಯನ್ನು ಕಾಲಕಾಲಕ್ಕೆ ದುರಸ್ತಿ ಮಾಡತಕ್ಕದ್ದು’ ಎಂದಿತ್ತು. ಯಾರು ಮಾಡಬೇಕು ಎಂದಿರಲಿಲ್ಲ. ಗೋಡೆ ಬಿತ್ತು, ಮೊಕದ್ದಮೆ ಹನ್ನೊಂದು ವರ್ಷ ನಡೆಯಿತು. ಅದರ ಕಾಗದವನ್ನೆಲ್ಲ ನಕಲು ಮಾಡಿದ ಯೆಶಿಗೆ ಆ ಸಾಲು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಯಾವ ಕರಾರು ನೋಡಿದರೂ ಕೆಂಪು ಪೆನ್ಸಿಲ್ ತೆಗೆದು, ಹೆಸರಿಲ್ಲದ ಪ್ರತಿ ಕೆಲಸದ ಪಕ್ಕದಲ್ಲಿ ‘ಯಾರು?’ ಎಂದು ಬರೆಯುವ ಚಟ ಹತ್ತಿತು. ವಕೀಲರು ಬೈಯುತ್ತಿದ್ದರು. ಕೆಲವರು ಮೆಲ್ಲಗೆ ತಿದ್ದಿಸಿಕೊಂಡೂ ಹೋಗುತ್ತಿದ್ದರು.

ಎರಡೂ ಇದ್ದಿರಿನ ಗುಡಾರಗಳು ಹಳತಾಗಿ ಸೋರತೊಡಗಿದಾಗ, ಸೇರಿ ಒಂದೇ ದೊಡ್ಡ ಗುಡಾರ ತರೋಣ ಎಂದು ತೀರ್ಮಾನವಾಯಿತು. ನಮ್ಮ ಕಡೆಯ ಮುಖ್ಯಸ್ಥ ಹುಸೇನ್ ಯಿಮಾಮ್. ಅಸ್ಸಾಬ್ ಬಂದರಿನ ದಾರಿಯಲ್ಲಿ ಲಾರಿ ಓಡಿಸಿ ದಣಿದು ಮನೆ ಸೇರಿದವನು. ದನಿ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಒಪ್ಪಂದವನ್ನು ತಾನೇ ಹೇಳಿ ಬರೆಸಿದ. ಅವನ ಅಂಗಳದಲ್ಲಿ ಎರಡೂ ಕಡೆಯವರು ಕೂತು ಕೇಳಿದೆವು. ‘ಗುಡಾರವನ್ನು ಹಿರಿಯರ ಗೌರವದಂತೆ ಕಾಪಾಡಲಾಗುವುದು. ಮಳೆಯಲ್ಲಿ ನೆನೆದಲ್ಲಿ ತಡಮಾಡದೆ ಒಣಗಿಸತಕ್ಕದ್ದು.’ ಕೇಳಲು ಇಂಪಾಗಿತ್ತು. ಕೆಲವರು ತಲೆದೂಗಿದರು.

ಯೆಶಿ ಕನ್ನಡಕ ಏರಿಸಿ, ಹಿರಿಯಣ್ಣನನ್ನು ಕರೆಯುವಂತೆ ‘ಗಾಶೆ’ ಎಂದು ಕರೆದು ಕೇಳಿದಳು. "ಎಲ್ಲಾ ಚೆನ್ನಾಗಿದೆ ಗಾಶೆ ಹುಸೇನ್. ಈ ನಾಲ್ಕನೇ ಸಾಲು ಮಾತ್ರ. ಒಣಗಿಸತಕ್ಕದ್ದು ಅಂತಿದೆಯಲ್ಲ, ಯಾರು ಒಣಗಿಸ್ಬೇಕು?"

"ಯಾರು ಅಂದ್ರೆ? ಎಲ್ರೂ!"

"ಎಲ್ರೂ ಅನ್ನೋರ ಮನೆ ಎಲ್ಲಿ ಬರುತ್ತೆ? ನೆನೆದ ದಿನ ನಾನು ಹೋಗಿ ಬಾಗಿಲು ತಟ್ಬೇಕಲ್ಲ."

ಅಂಗಳವೆಲ್ಲ ನಕ್ಕಿತು. ಹುಸೇನನೂ ನಕ್ಕ, ಆಮೇಲೆ ಕಾಫಿ ಬಟ್ಟಲು ಕೆಳಗಿಟ್ಟು ಹೇಳಿದ: "ನೋಡಿ ಯೆಶಿ, ಇದು ಕೋರ್ಟಲ್ಲ. ಬೆಳಗಾದ್ರೆ ಒಬ್ರ ಮುಖ ಒಬ್ರು ನೋಡೋ ಜನ ನಾವು. ಇಂಥವನೇ ಮಾಡ್ಬೇಕು ಅಂತ ಹೆಸರು ಬರೆದ್ರೆ, ಅವನ ಮೇಲೆ ನಂಬಿಕೆ ಇಲ್ಲ ಅಂದಂಗಾಗುತ್ತೆ. ನೀವೂ ಕೋರ್ಟು ಬಿಟ್ಟು ಎರಡು ವರ್ಷ ಆಯ್ತು, ಅದು ನಿಮ್ಮನ್ನ ಬಿಟ್ಟಿಲ್ಲ ನೋಡಿ."

ಕೈ ಎತ್ತಿಸಿದರು. ಅವಳ ಕಡೆಯವರೇ ಅವಳಿಗೆ ಕೈ ಎತ್ತಲಿಲ್ಲ. ಯೆಶಿ ಸಹಿ ಹಾಕಿದಳು. ಅವಳ ಗಂಡ ಬಾಯು, ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವನು, ಸೇತುವೆ ದಾಟುವಾಗ, "ಕೆಂಪು ಪೆನ್ಸಿಲ್ ಮನೇಲೇ ಮರೆತು ಬಂದ್ಯಾ?" ಎಂದು ಕಿಚಾಯಿಸಿದನಂತೆ. "ಮರೆತಿಲ್ಲ, ಎತ್ತಿಟ್ಟಿದೀನಿ," ಎಂದಳಂತೆ ಅವಳು.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ಮಳೆಗಾಲದಲ್ಲಿ ನಮ್ಮ ದಂಡೆಯಲ್ಲಿ ಒಬ್ಬ ಮುದುಕ ತೀರಿಕೊಂಡ. ಮೂರು ದಿನವೂ ತೋಸ್ಸಾ ಗುಡ್ಡ ಕಾಣದಷ್ಟು ಮಳೆ. ನಾಲ್ಕನೆಯ ಬೆಳಗ್ಗೆ ನಾವು ಐದಾರು ಮಂದಿ, ನೀರು ತೊಟ್ಟಿಕ್ಕುತ್ತಿದ್ದ ಗುಡಾರ ಮಡಚಿ, ಸೇತುವೆ ದಾಟಿಸಿ, ಮೇಲ್ದಂಡೆಯ ಉಗ್ರಾಣಕ್ಕೆ ಹಾಕಿ ಬೀಗದಕೈ ಕೊಟ್ಟು ಬಂದೆವು. ಉಗ್ರಾಣ ಅವರದು, ಬಿಸಿಲು ಬಂದಾಗ ಅವರೇ ಹರಡುತ್ತಾರೆ ಎಂದುಕೊಂಡೆವು. ನೆನೆಸಿದವರು ಇವರು, ಇವರೇ ಬಂದು ಒಣಗಿಸುತ್ತಾರೆ ಎಂದು ಅವರಂದುಕೊಂಡರು. ಮಡಚಿದವರಲ್ಲಿ ನಾನೂ ಒಬ್ಬ, ಅದನ್ನು ಬಚ್ಚಿಟ್ಟು ಈ ಕತೆ ಹೇಳಲಾರೆ.

ಮೂರು ವಾರದ ಮೇಲೆ ಹುಸೇನನ ಅಕ್ಕ ತೀರಿಕೊಂಡಳು. ತಾಯಿ ಇಲ್ಲದ ಅವನನ್ನು ಬೆನ್ನ ಮೇಲೆ ಹೊತ್ತು ಸಾಕಿದ ಅಕ್ಕ. ಉಗ್ರಾಣದ ಬಾಗಿಲು ತೆಗೆದರೆ ಕೆಟ್ಟ ಹಿಟ್ಟಿನ ವಾಸನೆ. ಗುಡಾರದ ಮೈತುಂಬ ಕಪ್ಪು ಚುಕ್ಕೆ. ಎಳೆದರೆ ಬಟ್ಟೆ ಒದ್ದೆ ಕಾಗದದಂತೆ ಕಿತ್ತುಬಂತು. ಅಕ್ಕನನ್ನು ಮಣ್ಣು ಮಾಡಿ ಬಂದವರು ಕೊಡೆ ಹಿಡಿದು ಕೂತರು. ಹುಸೇನ್ ಬರಿದಲೆಯಲ್ಲಿ ಮಳೆಯಲ್ಲೇ ನಿಂತು, ಬಂದವರಿಗೆಲ್ಲ ಜಗಲಿಯಲ್ಲಿ ಜಾಗ ಮಾಡಿಕೊಡುತ್ತಿದ್ದ. ಅಷ್ಟು ದೊಡ್ಡ ದನಿಯವನು ಅವತ್ತು ಪಿಸುಮಾತಿನಲ್ಲಿ ಆಡುತ್ತಿದ್ದ.

ಆ ವಾರವೇ ಸೇತುವೆಯ ಮೇಲೆ ಜಗಳ ಎದ್ದಿತು. "ಉಗ್ರಾಣ ಯಾರ್ದು?" ಎಂದು ನಾವು. "ಒದ್ದೆ ಮಾಡಿದ್ದು ಯಾರು?" ಎಂದು ಅವರು. ಸಂಬಂಧವೇ ಬೇಡ, ಗುಡಾರವನ್ನು ನಡುವೆ ಕತ್ತರಿಸಿ ಹಂಚಿಬಿಡಿ ಎಂದು ಯಾರೋ ಕೂಗಿದರು. ಬಾಯು ಮುಂದೆ ಬಂದು, "ಕತ್ತರಿ ನನ್ನ ಹತ್ರಾನೇ ಇದೆ. ಕೊಳೆತಿರೋ ಅರ್ಧ ಯಾರಿಗೆ ಅಂತ ಮೊದ್ಲು ಹೇಳಿ," ಎಂದ. ಒಬ್ಬಿಬ್ಬರು ನಕ್ಕರು, ಜಗಳ ಅಲ್ಲಿಗೆ ತಣ್ಣಗಾಯಿತು, ಮುಗಿಯಲಿಲ್ಲ. ಎರಡು ದಂಡೆಯ ಹೆಂಗಸರೂ ನೀರಿಗೆ ಬೇರೆಬೇರೆ ಹೊತ್ತಿನಲ್ಲಿ ಹೋಗತೊಡಗಿದರು.

ಯೆಶಿ ಈ ಜಗಳಕ್ಕೆ ಹೋಗಿರಲಿಲ್ಲ. ಕೆಲವು ದಿನ ಬಿಟ್ಟು, ಸಾವಿನ ಮನೆಗೆ ಒಯ್ಯುವ ಬೇಯಿಸಿದ ಗೋಧಿ ಕಡಲೆಯ ಬುಟ್ಟಿ ಹಿಡಿದು ಹುಸೇನನ ಮನೆಗೆ ಬಂದಳು. ಅವನು ಎದ್ದು ನಿಂತು, "ಬನ್ನಿ. ನಾನು ಹೇಳಿರ್ಲಿಲ್ವಾ ಅಂತ ಹೇಳೋಕೆ ಬಂದ್ರಿ ತಾನೆ? ಹೇಳಿಬಿಡಿ," ಎಂದ.

"ಇಲ್ಲಪ್ಪ. ನಿಮ್ಮಕ್ಕ ನಿಮ್ಮನ್ನ ಹೇಗೆ ಸಾಕಿದ್ರು ಅಂತ ಕೇಳೋಕೆ ಬಂದೆ."

ಸಂಜೆಯವರೆಗೆ ಹುಸೇನ್ ಅಕ್ಕನ ಸುದ್ದಿ ಹೇಳಿದ. ಕಾಫಿ ಮೂರನೆಯ ಸುತ್ತಿಗೆ ಬಂದಾಗ ತಾನಾಗಿಯೇ, "ಆ ಕಾಗದ ಹರಿದು ಬೇರೆ ಬರೀರಿ. ನಿಮಗೆ ಬೇಕಾದಂಗೆ ಬರೀರಿ," ಎಂದ.

"ನನಗೆ ಬೇಕಾದಂಗೆ ಬರೆದ್ರೆ ಅದೂ ಕೆಡುತ್ತೆ. ಯಾರ್ಯಾರು ಏನೇನು ಮಾಡ್ತಾರೆ ಅಂತ ನನಗೇನು ಗೊತ್ತು? ನೀವೂ ಜೊತೆಗೆ ಬನ್ನಿ. ತುತ್ತೂರಿ ಊದೋ ಹೊತ್ತಿನಿಂದ ಗುಡಾರ ವಾಪಸ್ ಬರೋವರೆಗೆ ಅದರ ಹಿಂದೇನೇ ನಡೆಯೋಣ."

ಹಾಗೆ ನಾಲ್ಕು ದಿನ ಆ ಕುಳ್ಳಿ, ಈ ಎತ್ತರದ ಲಾರಿಯವನು, ಮನೆಮನೆ ತಿರುಗಿದರು. ಸಾವಿನ ಸುದ್ದಿ ಸಾರುವ ತುತ್ತೂರಿಯ ಮೆಲಾಕುವನ್ನು ಕೇಳಿದರು, ಯಾರು ಬಂದು ನಿನಗೆ ಹೇಳುತ್ತಾರೆ ಎಂದು. ಬೀಗದಕೈ ಒಂದಲ್ಲ, ಮೂರಿವೆ ಎಂದು ಗೊತ್ತಾಯಿತು; ಮೂರನೆಯದು ಯಾರಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೂಟ ಹೊಡೆಯುವ ಸುತ್ತಿಗೆಯನ್ನು ಪ್ರತಿ ಸಲವೂ ಒಬ್ಬ ಬಡಗಿಯಿಂದ ತರುತ್ತಿದ್ದರು, ಅವನು ಯಾವ ಇದ್ದಿರಿಗೂ ಸೇರಿದವನಲ್ಲ. "ಅಯ್ಯೋ, ನನ್ನ ಸುತ್ತಿಗೆ ಸದಸ್ಯ, ನಾನಲ್ಲ," ಎಂದ ಅವನು. ಅವನನ್ನೂ ಸೇರಿಸಿಕೊಂಡರು. ಯೆಶಿಯ ಪುಸ್ತಕದಲ್ಲಿ ಕೆಲಸಗಳ ಪಟ್ಟಿ ಮೂವತ್ತೇಳಕ್ಕೆ ಮುಟ್ಟಿತು.

ಕೊನೆಯ ದಿನ ಉಗ್ರಾಣಕ್ಕೆ ಬಂದರು. ಹುಸೇನ್ ಹಗ್ಗದ ಸುರುಳಿಗಳನ್ನು ಎತ್ತಿ ಎಳೆದು ನೋಡಿದ. ಬಟ್ಟೆ ಕೊಳೆತಿದ್ದರೂ ಹಗ್ಗ ಒಂದೂ ಕೆಟ್ಟಿರಲಿಲ್ಲ, ಒಣಗಿ ಗಟ್ಟಿಯಾಗಿದ್ದವು. ಇದು ಹೇಗೆ ಎಂದು ಇಬ್ಬರೂ ಮುಖ ನೋಡಿಕೊಳ್ಳುತ್ತಿರುವಾಗ ಪಕ್ಕದ ಬೇಲಿಯಾಚೆಯಿಂದ ಎಮಾಮ ಲುಬಾಬಾ ಕೂಗಿದಳು. ಎಂಬತ್ತು ದಾಟಿದ ಒಂಟಿ ಮುದುಕಿ, ಊರಿಗೆಲ್ಲ ‘ಎಮಾಮ’, ಅಂದರೆ ಅಮ್ಮ. "ಏನು ಹುಡುಕ್ತಿದೀರಿ ನನ್ನ ಹಗ್ಗದಲ್ಲಿ?"

"ಹಗ್ಗ ಒಣಗಿಸಿದ್ದು ನೀವಾ ಎಮಾಮ?"

"ಮತ್ತಿನ್ಯಾರು? ಆ ಕಿಟಕಿ ಸಂದೀಲಿ ಕೈ ಹಾಕಿದ್ರೆ ಹಗ್ಗ ಸಿಗುತ್ತೆ. ಗುಡಾರ ಕೈಗೆ ಸಿಗ್ಲಿಲ್ಲ. ಸಿಕ್ಕಿದ್ರೆ ಅದನ್ನೂ ಎಳ್ಕೊಂಡು ಬೇಲಿ ಮೇಲೆ ಹಾಕ್ತಿದ್ದೆ."

"ಎಷ್ಟು ವರ್ಷದಿಂದ ಮಾಡ್ತಿದೀರಿ?"

"ನಮ್ಮ ಮುದುಕ ಹೋದಾಗಿಂದ. ಅವತ್ತು ಎರಡೂ ದಂಡೆಯೋರು ಬಂದು ನನ್ನ ಜೊತೆ ಕೂತಿದ್ರಲ್ಲ. ಆಗ ಹಳೇ ಗುಡಾರ. ಎಲ್ರೂ ಹೋದ್ಮೇಲೆ ಒದ್ದೆ ಹಗ್ಗ ಬಿದ್ದಿತ್ತು. ನನಗೂ ಕೈ ಖಾಲಿ ಇತ್ತು."

ಯೆಶಿ ಸಂಭ್ರಮದಿಂದ ಪೆನ್ಸಿಲ್ ತೆಗೆದಳು. "ಬರ್ಕೊಳ್ತೀನಿ ತಾಯಿ. ಹಗ್ಗದ ಹೊಣೆ ಲುಬಾಬಾ ಅವರದು ಅಂತ. ಎಲ್ರೆದುರಿಗೆ ಓದಿಸ್ತೀನಿ."

"ಬೇಡ, ಬರೀಬೇಡ."

"ಯಾಕೆ?"

"ಬರೆದ್ರೆ ಅದು ಕೆಲ್ಸ ಆಗುತ್ತೆ ಮಗಳೇ. ಈಗ ಅದು ನಂದು."

ಪೆನ್ಸಿಲ್ ಕಾಗದದ ಮೇಲೇ ನಿಂತಿತು. ಅಕ್ಕ ಹೋದಮೇಲೆ ಮೊದಲ ಬಾರಿಗೆ ಹುಸೇನ್ ಬಾಯಿ ತುಂಬ ನಕ್ಕ. "ಇದಕ್ಕೇನು ಬರೀತೀರಿ ಈಗ? ಕೆಂಪು ಪೆನ್ಸಿಲ್ ತೆಗೀರಿ ನೋಡೋಣ," ಎಂದ. ಯೆಶಿ ಪುಸ್ತಕ ಮುಚ್ಚಿ ಮನೆಗೆ ನಡೆದಳು.

ಆ ಸಂಜೆ ರೊಟ್ಟಿ ಸುಡುವ ಹೊತ್ತಿನಲ್ಲೂ ಅವಳು ಅದನ್ನೇ ಯೋಚಿಸುತ್ತಿದ್ದಳಂತೆ. ಬಾಯು ಆಮೇಲೆ ನನಗೆ ಹೇಳಿದ್ದು. ಅಷ್ಟು ವರ್ಷ ಕೆಲಸಕ್ಕೊಂದು ಹೆಸರು ಹುಡುಕಿದವಳಿಗೆ, ಹೆಸರು ಬೇಡವೆನ್ನುವ ಕೈ ಸಿಕ್ಕಿಬಿಟ್ಟಿತ್ತು. "ಬರೀದೆ ಬಿಟ್ರೆ ನಾಳೆ ಮುದುಕಿ ಕಾಯಿಲೆ ಬಿದ್ರೆ ಹಗ್ಗ ಕೊಳೆಯುತ್ತೆ. ಬರೆದ್ರೆ ಅವಳ ಮನಸ್ಸು ಕೆಡುತ್ತೆ," ಎಂದಳು.

ಬಾಯು ಅವಳ ಕೊರಳಿನತ್ತ ಬೊಟ್ಟು ಮಾಡಿದ. "ನಿನ್ನ ಕನ್ನಡಕದ ದಾರ ಸವೆದಾಗೆಲ್ಲ ನಾನು ಹೊಸದು ಕಟ್ತೀನಿ. ಅದು ಯಾವ ಕಾಗದದಲ್ಲಿದೆ?"

"ನೀನು ಕಟ್ತೀಯಾ? ನಾನು ಅದು ಸವೆಯೋದೇ ಇಲ್ಲ ಅಂದ್ಕೊಂಡಿದ್ದೆ!" ಎಂದು ಅವಳು ದಾರ ಮುಟ್ಟಿ ನೋಡಿಕೊಂಡಳು.

ಮೆಸ್ಕೆಲ್ ಹಬ್ಬ ಮುಗಿದು ಗುಡ್ಡದ ತುಂಬ ಹಳದಿ ಹೂ ಅರಳಿದ್ದ ಒಂದು ಭಾನುವಾರ, ಹಳ್ಳದ ದಂಡೆಯಲ್ಲಿ ಎರಡೂ ಇದ್ದಿರ್ ಸೇರಿದೆವು. ಹೊಸ ಕರಾರನ್ನು ಯೆಶಿ ತಾನೇ ಓದಿದಳು. ಅಲಂಕಾರದ ಮಾತು ಒಂದೂ ಇರಲಿಲ್ಲ. ಪ್ರತಿ ಸಾಲಿನ ಮೊದಲಿಗೆ ಒಂದು ಹೆಸರು, ಆಮೇಲೆ ಕೆಲಸ, ಆಮೇಲೆ ಎಷ್ಟು ಹೊತ್ತಿನೊಳಗೆ, ಅವರು ಊರಲ್ಲಿಲ್ಲದಿದ್ದರೆ ಇನ್ನೊಂದು ಹೆಸರು. ಹೆಸರು ಓದಿದಾಗ ಆ ಮನುಷ್ಯ ಎದ್ದು ನಿಂತು ‘ಒಪ್ಪಿದೆ’ ಎನ್ನಬೇಕು. ಗುಡಾರದ ಸುತ್ತ ಕಾಲುವೆ ತೋಡುವವನು ಹುಸೇನ್. ಅವನು ಎದ್ದು ನಿಂತು ಗಟ್ಟಿಯಾಗಿ ಒಪ್ಪಿದ. ಗುಡಾರ ಬಿಚ್ಚಿದ ಎರಡು ದಿನದೊಳಗೆ ಶಾಲೆಯ ಬಯಲಲ್ಲಿ, ಬಿಸಿಲಿಲ್ಲದಿದ್ದರೆ ಗಿರಣಿಯ ಕೊಟ್ಟಿಗೆಯಲ್ಲಿ, ಹರಡಿ ಒಣಗಿಸುವವನು ನಾನು. ಮಾತು ತಪ್ಪಿದವರು ಎದುರು ದಂಡೆಯವರಿಗೆಲ್ಲ ಕಾಫಿ ಮಾಡಿ ಬಡಿಸಬೇಕು, ಅಷ್ಟೇ ಶಿಕ್ಷೆ. ಒಮ್ಮೆ ನಾನೇ ಬಡಿಸಿದ್ದೇನೆ. ಮೇಲ್ದಂಡೆಯ ಹೆಂಗಸರು ಬೇಕೆಂದೇ ಮೂರು ಸುತ್ತು ಕುಡಿದು, ಮೂರು ಸುತ್ತಿಗೂ ನನ್ನ ಕಾಫಿಯನ್ನು ಆಡಿಕೊಂಡರು.

ಹಗ್ಗದ ಸಾಲು ಬಂದಾಗ ಯೆಶಿ ಸ್ವಲ್ಪ ನಿಧಾನವಾಗಿ ಓದಿದಳು: ‘ಹಗ್ಗಗಳನ್ನು ಉಗ್ರಾಣ ನೋಡಿಕೊಳ್ಳುವ ಅಯೆನೆವ್ ಅದೇ ದಿನ ಪಕ್ಕದ ಮನೆಯ ಬೇಲಿಯವರೆಗೆ ಒಯ್ಯುತ್ತಾನೆ. ಮುಂದಿನದು ಆ ಮನೆಯವರ ಇಷ್ಟ. ಅವರಿಗೆ ಬೇಡವಾದ ದಿನ ಅಯೆನೆವ್ ತಾನೇ ಒಣಗಿಸುತ್ತಾನೆ. ಯಾಕೆ ಬೇಡವೆಂದು ಯಾರೂ ಅವರನ್ನು ಕೇಳುವಂತಿಲ್ಲ.’ ಲುಬಾಬಾ ಬಿಸಿಲಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಅವಳ ಹೆಸರು ಎಲ್ಲೂ ಬರಲಿಲ್ಲ. "ಅದು ಸರಿ," ಎಂದಳು, ಎದ್ದು ನಿಲ್ಲದೆ.

ಕೊಳೆತ ಭಾಗ ಕಿತ್ತುಹಾಕಿ, ಎರಡು ಹಳೆಯ ಗುಡಾರಗಳ ಗಟ್ಟಿ ಬಟ್ಟೆ ಸೇರಿಸಿ ಬಾಯು ಹದಿನೈದು ದಿನ ಹೊಲಿದ. ಬಿಳಿ, ಹಸಿರು, ಬೂದಿ ಬಣ್ಣದ ತೇಪೆಯ ಆ ಗುಡಾರ ದೂರದಿಂದ ನೋಡಿದರೆ ಹೊಲದ ತುಂಡುಗಳಂತೆ ಕಾಣುತ್ತಿತ್ತು. ಸೋರುತ್ತಿರಲಿಲ್ಲ.

ಮರುವರ್ಷದ ಒಂದು ಮುಂಜಾನೆ ಮೆಲಾಕುವಿನ ತುತ್ತೂರಿ ಎರಡು ಸಲ ಕೇಳಿಸಿತು. ಮೊದಲು ನಮ್ಮ ದಂಡೆಯಲ್ಲಿ, ಅರ್ಧ ಗಂಟೆ ಬಿಟ್ಟು ಮೇಲ್ದಂಡೆಯಲ್ಲಿ. ಇರುವುದೊಂದೇ ಗುಡಾರ. ಯೆಶಿ ಕೂಡಲೇ ಎದ್ದು, ಕರಾರಿನ ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಳು. ಈಗ ಬರುತ್ತಾರೆ, ಈಗ ಕೇಳುತ್ತಾರೆ ಎಂದು. ಬಿಸಿಲೇರಿತು. ರಸ್ತೆಯಲ್ಲಿ ಅಯೆನೆವ್ ಬೆಂಚುಗಳನ್ನು ಎರಡು ಪಾಲು ಮಾಡಿಸಿ ಸಾಗಿಸುತ್ತಿದ್ದ. ಗುಡಾರ ಮೊದಲ ತುತ್ತೂರಿಯ ಮನೆಗೆ ಹೋಯಿತು. ಎರಡನೆಯ ಮನೆಗೆ ಗಿರಣಿಯ ಟಾರ್ಪಾಲು ಹೋಯಿತು, ಅದರ ಜೊತೆಗೆ ಹುಸೇನ್ ಗುದ್ದಲಿ ಹೆಗಲಿಗಿಟ್ಟು ಹೋದ. ಬಡಗಿ ತನ್ನ ಸುತ್ತಿಗೆ ತಾನೇ ಹಿಡಿದು ಓಡುತ್ತಿದ್ದ. ಯಾರೂ ಅವಳ ಬಾಗಿಲಿಗೆ ಬರಲಿಲ್ಲ.

"ಒಬ್ರೂ ನಿನ್ನ ಕೇಳೋಕೆ ಬರ್ಲಿಲ್ವಲ್ಲ. ಬೇಜಾರಾಯ್ತಾ?" ಎಂದು ಬಾಯು ಕೇಳಿದ.

ಅವಳು ಮಡಿಲ ಪುಸ್ತಕ ಎತ್ತಿಕೊಂಡು ಎದ್ದಳು. "ಇಲ್ಲ ಕಣೋ," ಎಂದಳು. "ಹಗುರ ಆಯ್ತು."

ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು, ಬಿಳಿ ನೆತೆಲಾ ಶಾಲು ಹೊದ್ದು, ಅವಳು ಮೇಲ್ದಂಡೆಯ ಸಾವಿನ ಮನೆಗೆ ಹೋದಳು. ಸತ್ತಿದ್ದ ಹೆಂಗಸು ಅವಳ ಬಾಲ್ಯದ ಗೆಳತಿ. ಇಷ್ಟು ವರ್ಷ ಯಾವ ಸಾವಿನ ಮನೆಯಲ್ಲೂ ಯೆಶಿ ಕೂತದ್ದನ್ನು ನಾನು ನೋಡಿರಲಿಲ್ಲ. ಬೆಂಚು ಎಣಿಸುತ್ತಲೋ, ಪಾತ್ರೆ ಗುರುತು ಹಾಕುತ್ತಲೋ ಓಡಾಡುತ್ತಿದ್ದಳು. ಅವತ್ತು ಟಾರ್ಪಾಲಿನ ಕೆಳಗೆ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತು, ಗೆಳತಿಯ ಹೆಸರು ಹಿಡಿದು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಬೇಯಿಸಿದ ಗೋಧಿ ಬಂದಾಗ ಎರಡು ಹಿಡಿ ಹಾಕಿಸಿಕೊಂಡು, ಪಕ್ಕದವಳೊಂದಿಗೆ ಮಾತಾಡುತ್ತ ನಿಧಾನವಾಗಿ ತಿಂದಳು.