ಗುಡ್ಡದ ಕೆಳಗಿನ ಹದಿನಾಲ್ಕು ಮನೆಗಳು

ಸರ್ವೆಗೆಂದು ಬಂದಿದ್ದ ಭೂವಿಜ್ಞಾನದ ಅಧಿಕಾರಿ ತಮ್ಮ ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ಗುಡ್ಡದ ಮೇಲಿನ ಬಿರುಕಿನೊಳಗೆ ಇಳಿಬಿಟ್ಟರು. ಅದು ಎಲ್ಲಿಯೂ ತಾಗದೆ ಅವರ ಮುಷ್ಟಿಯವರೆಗೂ ಇಳಿಯಿತು. ಹೊರಗೆಳೆದು ಮಣ್ಣು ಒರೆಸುತ್ತ, "ಈ ವಾರ್ಡಿನ ಸದಸ್ಯರು ನೀವೇ ಅಲ್ವಾ ಮೇಡಂ?" ಎಂದು ಕೇಳಿದರು. ಹೌದೆಂದೆ. "ಮಳೆ ಹಿಡಿಯುವುದರೊಳಗೆ ಕೆಳಗಿನವರನ್ನು ಎಬ್ಬಿಸಿ." ಅಷ್ಟೇ ಹೇಳಿ ಇಳಿಯತೊಡಗಿದರು.

ಮೇ ತಿಂಗಳ ಬೆಳಿಗ್ಗೆ ಅದು. ಕೆಳಗಿನ ಹದಿನಾಲ್ಕು ಹೆಂಚಿನ ಮನೆಗಳ ಅಂಗಳದಲ್ಲಿ ಹೆಂಗಸರು ಮೀನು ಒಣಹಾಕುತ್ತಿದ್ದರು. ಐದನೆಯ ಮನೆ ನನ್ನ ಗಂಡನ ಅಕ್ಕನದು.

ನಾನು ಹುಟ್ಟಿದ್ದು ಅಂಕೋಲೆಯ ಕಡಲ ಬದಿಯ ಮೀನುಗಾರರ ಮನೆಯಲ್ಲಿ; ಮದುವೆಯಾಗಿ ಕಾರವಾರಕ್ಕೆ ಬಂದವಳು. ಗಂಡ ಬೋಟಿಗೆ ಹೋಗುತ್ತಾರೆ, ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಕೇರಿಯವರೇ ಸೇರಿ ನನ್ನನ್ನು ನಗರಸಭೆ ಚುನಾವಣೆಗೆ ನಿಲ್ಲಿಸಿದರು. ಗಂಡನ ಅಕ್ಕ ಮೀನಿನ ಬುಟ್ಟಿ ಹೊತ್ತು ಹೋದಲ್ಲೆಲ್ಲ ನನ್ನ ಪರವಾಗಿ ಮಾತಾಡಿದ್ದಳು. ಗೆದ್ದ ಮೇಲೆ ನಾನು ಮಾಡಿಸಿದ್ದು ಬೀದಿದೀಪ, ಗಟಾರ, ನಲ್ಲಿ. ಸಭೆಯಲ್ಲಿ ಎಲ್ಲರೂ ಕೈ ಎತ್ತಿದಾಗ ನಾನೂ ಎತ್ತುತ್ತಿದ್ದೆ. ಕೈ ಎತ್ತುವುದಕ್ಕೂ ಹೆದರಬೇಕಾದೀತು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂಕೋಲೆಯ ಆಚೆ ಹೆದ್ದಾರಿಯ ಮೇಲೆ ಗುಡ್ಡ ಬಂದು ಬಿದ್ದ ಮಳೆಗಾಲವನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಇಂದಿಗೂ ಬಸ್ಸು ಆ ಜಾಗ ದಾಟುವವರೆಗೆ ಒಳಗಿನ ಮಾತು ಕಡಿಮೆಯಾಗುತ್ತದೆ. ಆದರೆ ತನ್ನ ಮನೆಯ ಹಿಂದಿನ ಗುಡ್ಡವೂ ಹಾಗೆಯೇ ಬರಬಹುದೆಂದು ಒಪ್ಪುವುದು ಬೇರೆ.

"ಹೊಟ್ಟೆಯವಳನ್ನ ಕರ್ಕಂಡು ಎಲ್ಲೋಗೂದೆ ನಾನು?" ಎಂದಳು ಗಂಡನ ಅಕ್ಕ. ಅವಳ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆಗ ಏಳು ತಿಂಗಳು.

"ಶಿರವಾಡದಾಗೆ ಒಂದು ಸಭಾಭವನ ನೋಡಿದಾರೆ ಅಕ್ಕಾ. ಮಳೆ ಮುಗಿಯೂ ತನಕ."

"ಮಳೆ ಮುಗಿದ ಮೇಲೆ ವಾಪಸ್ ಬಿಡ್ತಾರೆ ಹೇಳಿ ಬರ್ದು ಕೊಡ್ತಿಯೇನೆ?"

"ಅದು ನನ್ನ ಕೈಯಾಗಿಲ್ಲ ಅಕ್ಕಾ."

"ಹಂಗಾರೆ ಸಭೇಲಿ ಕೈ ಎತ್ತಬೇಡ. ಎತ್ತಿದ್ರೆ ನನ್ನ ಮನಿ ಮೆಟ್ಲು ಹತ್ತಬೇಡ."

ಮರುದಿನ ಆ ಕೇರಿಯ ಗಂಡಸರು ಐದಾರು ಮಂದಿ ನಮ್ಮ ಮನೆಗೆ ಬಂದರು. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು. ಅವರು ಬೆಂಚಿನ ಮೇಲೆ ಸುಮ್ಮನೆ ಕೂತರು. ಕೊನೆಗೆ ಒಬ್ಬರು, "ನಿನ್ನ ನಂಬೇ ನಿಲ್ಸಿದ್ದು ತಂಗೀ," ಎಂದರು. ಎದ್ದು ಹೋದ ಮೇಲೆ ನೋಡಿದರೆ ಚಹಾದ ಲೋಟಗಳು ತುಂಬಿದಂತೆಯೇ ಇದ್ದವು. ಆ ವಾರ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ವಾಪಸ್ ಒಯ್ದರು. ನಾನು ಎಂದೂ ಮನೆಯ ಬಾಗಿಲು ಹಾಕಿಕೊಂಡು ಹೊಲಿದವಳಲ್ಲ. ಆಗ ಚಿಲಕ ಹಾಕತೊಡಗಿದೆ. ಹೊರಗೆ ಹೆಜ್ಜೆ ಸಪ್ಪಳವಾದರೆ ಮಷಿನ್ ನಿಲ್ಲಿಸಿ ಕಿವಿಗೊಡುತ್ತಿದ್ದೆ.

ಸಭೆ ಸೇರಿದ್ದು ಜೂನ್ ಮೊದಲ ವಾರ. ಕಿಟಕಿಯಾಚೆ ಮೋಡ ಕಟ್ಟಿತ್ತು. ಏಳನೆಯ ವಿಷಯ ನಮ್ಮದು: ಗುಡ್ಡದ ಕೆಳಗಿನ ಮನೆಗಳನ್ನು ಮಳೆಗಾಲಕ್ಕೆ ಖಾಲಿ ಮಾಡಿಸುವುದು. ಎಷ್ಟೋ ವರ್ಷಗಳಿಂದ ಗೆದ್ದು ಬರುತ್ತಿದ್ದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಆ ಮನೆಗಳು ನನ್ನ ಕಣ್ಣೆದುರೇ ಎಷ್ಟು ಮಳೆಗಾಲ ಕಂಡಿವೆ. ಒಂದು ಸಲಾಕೆ ಇಳೀತು ಹೇಳಿ ಜನರನ್ನ ಎಬ್ಬಿಸೂದು ಸರಿಯಲ್ಲ. ಇನ್ನೊಂದು ಸರ್ವೆ ಆಗಲಿ, ಮುಂದೂಡುವಾ," ಎಂದರು. ಕೆಟ್ಟ ಉದ್ದೇಶದ ಮಾತಲ್ಲ ಅದು. ಹಲವರು ತಲೆಯಾಡಿಸಿದರು.

ಅಧ್ಯಕ್ಷೆ ನನ್ನ ಕಡೆ ತಿರುಗಿ, "ವಾರ್ಡಿನ ಸದಸ್ಯರು ಏನು ಹೇಳ್ತೀರಿ?" ಎಂದರು.

ನಿಜ ಹೇಳುತ್ತೇನೆ, ಮನೆಯಿಂದ ಹೊರಡುವಾಗ ನಾನು ಗಟ್ಟಿ ಮಾಡಿಕೊಂಡಿದ್ದು ಮುಂದೂಡುವುದನ್ನೇ. ಯಾರಿಗೂ ಇಲ್ಲ ಎನ್ನಬೇಕಾಗಿಲ್ಲ, ಯಾರ ಶಾಪವೂ ತಟ್ಟುವುದಿಲ್ಲ. ಎದ್ದು ನಿಂತೆ. ಹೊರಗೆ ಗುಡುಗು ಸಣ್ಣಗೆ ಉರುಳಿತು. ಸಲಾಕೆ ಮುಷ್ಟಿಯವರೆಗೆ ಇಳಿದದ್ದು ಕಣ್ಣ ಮುಂದೆ ಬಂತು.

"ಆ ಬಿರುಕು ನಾನು ನೋಡೀದೆ," ಎಂದೆ. "ನಂಗೆ ಹೆದರಿಕೆ ಆಗ್ತದೆ. ನಾವು ಮುಂದೂಡಿದ್ರೆ ಸಭೆ ಮುಂದೆ ಹೋಗ್ತದೆ, ಮಳೆ ಹೋಗೂದಿಲ್ಲ. ಖಾಲಿ ಮಾಡ್ಸಿ."

ಮೊದಲು ಎತ್ತಿದ್ದು ನನ್ನದೇ ಕೈ. ಒಂದೊಂದಾಗಿ ಉಳಿದ ಕೈಗಳು ಎದ್ದವು. ಹಿರಿಯರು ಎತ್ತಲಿಲ್ಲ. ಠರಾವು ಪಾಸಾಯಿತು. ಮೆಟ್ಟಿಲಿಳಿಯುವಾಗ ಅವರು ನನ್ನನ್ನು ನಿಲ್ಲಿಸಿ, "ಗುಡ್ಡ ಬಿದ್ರೂ ನಿನ್ನೇ ಕೇಳ್ತಾರೆ, ಬೀಳ್ದೆ ಇದ್ರೂ ನಿನ್ನೇ ಕೇಳ್ತಾರೆ ತಂಗೀ. ಹುಷಾರು," ಎಂದರು.

ಆ ವಾರದಲ್ಲೇ ನೋಟಿಸಿಗೆ ಮಣಿದು ಹದಿನಾಲ್ಕು ಮನೆಯವರೂ ಶಿರವಾಡದ ಭವನಕ್ಕೆ ಹೋದರು. ಸೀರೆಗಳನ್ನು ಅಡ್ಡ ಕಟ್ಟಿ ಒಂದೊಂದು ಸಂಸಾರಕ್ಕೆ ಒಂದೊಂದು ಮೂಲೆ. ನಾನು ಹೋದಾಗಲೆಲ್ಲ ಮಾತು ನಿಂತುಬಿಡುತ್ತಿತ್ತು. ಜೂನ್ ಕಳೆಯಿತು, ಜುಲೈ ಅರ್ಧವಾಯಿತು. ಮಳೆ ಸುರಿಯಿತು. ಗುಡ್ಡದಿಂದ ಒಂದು ಕಲ್ಲೂ ಉರುಳಲಿಲ್ಲ. "ನಿನ್ನ ಗುಡ್ಡ ಎಂತಾ ಮಾಡ್ತದೆ?" ಎಂದು ಮೀನು ಮಾರ್ಕೆಟ್ಟಿನಲ್ಲಿ ಕೇಳುವವರಾದರು. ಒಂದು ಬೆಳಿಗ್ಗೆ ಒಲೆ ಹಚ್ಚುತ್ತಿದ್ದವಳು, ಬೀಳಲಿ, ಒಮ್ಮೆ ಬಿದ್ದೇ ಬಿಡಲಿ ಎಂದುಕೊಂಡೆ. ಕಡ್ಡಿ ಬೆರಳು ಸುಡುವವರೆಗೂ ಹಾಗೇ ಹಿಡಿದಿದ್ದೆ. ಹದಿನಾಲ್ಕು ಮನೆ ಮಣ್ಣಾಗಲಿ ಎಂದು ಬಯಸಿದವಳು ನಾನೇ. ಗುಡ್ಡಕ್ಕಿಂತ ಹೆಚ್ಚು ನನಗೆ ಅವತ್ತು ನನ್ನದೇ ಹೆದರಿಕೆಯಾಯಿತು.

ಅಷ್ಟರಲ್ಲಿ ಅಕ್ಕನ ಮಗಳು ಹೆತ್ತಳು. ಹೆಣ್ಣು ಮಗು. ಆಸ್ಪತ್ರೆಯಿಂದ ಬಾಣಂತಿಯನ್ನು ಭವನಕ್ಕೇ ಕರೆತಂದರು. ನಮ್ಮ ಠರಾವಿನಲ್ಲಿ ಅಕ್ಕಿ ಇತ್ತು, ಚಾಪೆ ಇತ್ತು, ಶೌಚಾಲಯ, ನರ್ಸಿನ ಭೇಟಿ ಎಲ್ಲ ಇತ್ತು. ಬಾಣಂತಿಗೆ ದಿನಾ ಹಂಡೆ ತುಂಬ ಬಿಸಿನೀರು ಬೇಕು ಎನ್ನುವುದು ಇರಲಿಲ್ಲ. ಎರಡು ಹೆತ್ತ ನನಗೂ ಅದು ಹೊಳೆದಿರಲಿಲ್ಲ.

ಜುಲೈ ಕೊನೆಯಲ್ಲಿ ಮೂರು ದಿನ ಮಳೆ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಭವನದಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು ಫೋನ್ ಮಾಡಿದಳು. "ನಿಮ್ಮ ಅಕ್ಕ ವಾರದಿಂದ ದಿನಾ ಬಾಣಂತೀನ ರಿಕ್ಷಾದಾಗೆ ಮನಿಗೆ ಕರ್ಕಂಡು ಹೋಗ್ತ್ರು, ಬಿಸಿನೀರು ಮೀಸುಕೆ. ಇವತ್ತೂ ಹೋಗ್ಯಾರೆ. ಹೇಳ್ಬೇಡ ಅಂದಿದ್ರು. ಆದ್ರೆ ಮಳೆ ನೋಡಿ ತಡೀಲಿಲ್ಲ."

ಮಳೆಗಾಲದಲ್ಲಿ ಬೋಟುಗಳಿಗೆ ರಜೆಯಾದ್ದರಿಂದ ಗಂಡ ಮನೆಯಲ್ಲೇ ಬಲೆ ಸರಿಮಾಡುತ್ತಿದ್ದರು. ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಕೇರಿಯ ದಾರಿಯಲ್ಲಿ, ಯಾವತ್ತೂ ನೀರಿಲ್ಲದ ಜಾಗದಿಂದ ಕೆಂಪು ನೀರು ಬುಗ್ಗೆಯಂತೆ ಏಳುತ್ತಿತ್ತು. ಗಂಡ ಅದನ್ನು ನೋಡಿದರು, ನನ್ನನ್ನು ನೋಡಿದರು, ಸ್ಕೂಟರು ಅಲ್ಲೇ ಬಿಟ್ಟು ಓಡಿದರು.

ಮನೆಯ ಹಿಂದೆ, ಗುಡ್ಡಕ್ಕೆ ತಾಗಿದಂತಿದ್ದ ಬಚ್ಚಲಮನೆಯ ಮುಂದೆ ಅಕ್ಕ ಮಳೆಯಲ್ಲಿ ನೆನೆಯುತ್ತ ಬಾಗಿಲು ಬಡಿಯುತ್ತಿದ್ದಳು. "ತೆಗೀತಿಲ್ಲೆ! ಬಾಗ್ಲು ತೆಗೀತಿಲ್ಲೆ! ಇಬ್ರೂ ಒಳಗೇ ಸಿಕ್ಕಂಡ್ಯಾರೆ!"

ಮಳೆಗೆ ಮರ ಉಬ್ಬಿದೆ ಎಂದು ಅವಳು ತಿಳಿದಿದ್ದಳು. ನಾನು ಚೌಕಟ್ಟು ನೋಡಿದೆ. ಅದರ ಮೇಲಿನ ಮೂಲೆ ವಾಲಿತ್ತು. ಪಕ್ಕದ ಗೋಡೆಯಲ್ಲಿ ಬೆರಳು ತೂರುವಷ್ಟು ಹೊಸ ಸೀಳು. ಒಳಗಿಂದ ಮಗುವಿನ ಅಳು, ಅದರ ಮೇಲೆ ತಾಯಿಯ ದನಿ: "ಮಾಮೀ, ಗೋಡೆಯಿಂದ ನೀರು ಬರ್ತದೆ! ಕೆಂಪು ನೀರು!"

ಗಂಡ ಹಾರೆ ತಂದು ಬಾಗಿಲಿನ ಕೆಳಗಿನ ಹಲಗೆಗೆ ಹೊಡೆದರು. ಒಂದೊಂದು ಏಟಿಗೂ ಹೆಂಚು ಗಡಗಡ ಎನ್ನುತ್ತಿತ್ತು. ಹೊಡೆಯಬೇಡಿ ಎನ್ನಲೂ ಆಗದು, ಹೊಡೆಯಿರಿ ಎನ್ನಲೂ ಆಗದು. ಹಲಗೆ ಮುರಿಯಿತು. ಆ ಸಂದಿಯಿಂದ ಮಗುವನ್ನು ನನ್ನ ಕೈಗೆ ಕೊಟ್ಟಳು. ಮೈಗೆಲ್ಲ ಎಣ್ಣೆ ಹಚ್ಚಿದ ಕೂಸು, ಮೇಲೆ ಮಳೆ. ಹಿಡಿದಷ್ಟೂ ಜಾರುತ್ತಿತ್ತು. ಜೀವಮಾನದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ. ರವಿಕೆಯೊಳಗೆ ಅರ್ಧ ತೂರಿಸಿ ಸೆರಗಿನಿಂದ ಎದೆಗೆ ಬಿಗಿದುಕೊಂಡೆ. ಬಾಣಂತಿ ನೆಲಕ್ಕೆ ಮಲಗಿ ತೆವಳಿ ಹೊರಬಂದಳು.

"ಹಂಡೆ!" ಎಂದು ಅಕ್ಕ ಒಳಗೆ ನುಗ್ಗಹೋದಳು. "ನಮ್ಮವ್ವ ಕೊಟ್ಟ ಹಂಡೆ ಅದು!"

"ಸುಟ್ಹೋಗ್ಲಿ ನಿನ್ನ ಹಂಡೆ!" ಎಂದು ಕಿರುಚಿದೆ. ನನಗಿಂತ ಹಿರಿಯಳ ಮೇಲೆ ಎಂದೂ ದನಿ ಎತ್ತಿದವಳಲ್ಲ ನಾನು. ಅವಳು ಬೆಚ್ಚಿ ನಿಂತಳು. ಗಂಡ ಅವಳ ರಟ್ಟೆ ಹಿಡಿದು ಎಳೆದರು.

ನಾವು ಹೆದ್ದಾರಿ ಬದಿಯ ಅಂಗಡಿ ಸೇರಿ, ಅಂಗಡಿಯವನ ಟವೆಲಿನಲ್ಲಿ ಮಗುವನ್ನು ಸುತ್ತಿ, ರಿಕ್ಷಾದಲ್ಲಿ ಶಿರವಾಡ ತಲುಪಿದೆವು. ಗುಡ್ಡ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಲಾರಿಯಿಂದ ಜಲ್ಲಿ ಸುರಿದ ಹಾಗಾಯಿತಂತೆ. ಐದನೆಯ ಮನೆಯ ಹಿಂಭಾಗ, ಅದರ ಆಚೀಚೆಯ ಎರಡು ಮನೆಗಳ ಅಡುಗೆಕೋಣೆ ಮಣ್ಣಿನಡಿ ಹೋದವು. ಯಾರಿಗೂ ಏನೂ ಆಗಲಿಲ್ಲ.

ಸಂಜೆ ಸುದ್ದಿ ತಿಳಿದಾಗ ನನಗೆ ಸಮಾಧಾನವಾಗಲಿಲ್ಲ. ಒಲೆಯ ಮುಂದೆ ನಾನು ಬಯಸಿದ್ದೇ ಆಗಿತ್ತು.

ಅಕ್ಕ ನನಗೆ ಉಪಕಾರದ ಮಾತು ಹೇಳಲಿಲ್ಲ. ನಾನೂ ಬಯಸಲಿಲ್ಲ. ನಾಲ್ಕನೆಯ ದಿನ ಮಗುವನ್ನು ನನ್ನ ಮಡಿಲಿಗೆ ಹಾಕಿ, "ಹಿಡ್ಕ, ನಾ ಗಂಜಿ ಬಸಿದು ಬತ್ತೆ," ಎಂದಳು. ಅಷ್ಟೇ. ಉಳಿದ ಬಾಣಂತನಕ್ಕೆ ತಾಯಿ ಮಗುವನ್ನು ಅಂಕೋಲೆಯ ನನ್ನ ತವರಿಗೆ ಕಳಿಸಿದೆ.

ಉಳಿದ ಹನ್ನೊಂದು ಮನೆಗಳಿಗೆ ಏನೂ ಆಗಿಲ್ಲ. ಅವುಗಳ ಹಿಂದಿನ ಬಿರುಕು ಹಾಗೆಯೇ ಇದೆ. ಅಲ್ಲಿಯವರು ಈಗ ಬಾಡಿಗೆ ಕೋಣೆಗಳಲ್ಲಿದ್ದಾರೆ. ಕೆಲವರು ಬಿಣಗಾದಲ್ಲಿ ಫ್ಯಾಕ್ಟರಿಯವರ ಮನೆಗಳ ಸಾಲಿನಾಚೆ, ಕೆಲವರು ಶಿರವಾಡದಲ್ಲಿ. ಗಟ್ಟಿಯಾಗಿ ನಿಂತಿರುವ ಮನೆ ಬಿಟ್ಟು ಎಷ್ಟು ದಿನ ಇರಬೇಕು ಎಂದು ಅವರು ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಶಾಶ್ವತ ಜಾಗದ ವಿಷಯ ಮುಂದಿನ ಸಭೆಯ ಪಟ್ಟಿಯಲ್ಲಿದೆ. ಎರಡು ಜಾಗ ತೋರಿಸಿದ್ದಾರೆ: ಒಂದು ಸಮುದ್ರಕ್ಕೆ ತೀರ ದೂರ, ಇನ್ನೊಂದು ತಗ್ಗು, ಮಳೆಗೆ ನೀರು ನಿಲ್ಲುತ್ತದೆ. ನಿನ್ನೆ ಎರಡನ್ನೂ ನಡೆದು ನೋಡಿಬಂದೆ. ಯಾವುದಕ್ಕೆ ಕೈ ಎತ್ತಬೇಕೆಂದು ಇನ್ನೂ ತಿಳಿದಿಲ್ಲ. ಸಭೆಗೆ ಆರು ದಿನ ಉಳಿದಿದೆ.