ಆಂಟಿಯ ಕಾದಂಬರಿಯೊಳಗೆ ನಮ್ಮ ವೈನಿ

ಹೋದ ಶನಿವಾರ ಶಿಕಾಗೋ ಬಳಿಯ ಬೋಲಿಂಗ್‌ಬ್ರೂಕ್‌ನಲ್ಲಿ ಮೈಸೂರು ಕಡೆಯ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಬಾಗಿಲು ತೆಗೆದಳೋ ಇಲ್ಲವೋ, ಕಿತ್ತಳೆ ಸಿಪ್ಪೆ ಬೇಯುವ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಅವಳು ಮಾಡುತ್ತಿದ್ದದ್ದು ಗೊಜ್ಜು. ನನಗೆ ಮಾತ್ರ ವೆಸ್ಟ್‌ಮಂಟ್‌ನ ನಮ್ಮ ಪಕ್ಕದ ಮನೆ ಆಂಟಿಯ ಅಡುಗೆಮನೆ ಕಣ್ಣಿಗೆ ಕಟ್ಟಿತು... "ಯಾಕೇ, ಕೋಟು ಬಿಚ್ಚೋಲ್ವಾ?" ಅಂತ ಗೆಳತಿ ಕೇಳಿದಾಗಲೇ ಗೊತ್ತಾಗಿದ್ದು, ಒಂದು ತೋಳು ಕೋಟಿನೊಳಗೇ ಇಟ್ಟುಕೊಂಡು ನಿಂತಿದ್ದೆ.

ಆಂಟಿ ಇಂಗ್ಲೆಂಡಿನವರು, ಕಾದಂಬರಿಗಾರ್ತಿ. ಅಲ್ಲಿಯ ದೊಡ್ಡ ಬಹುಮಾನ ಬಂದವರು. ಗಂಡ ತೀರಿಕೊಂಡ ಮೇಲೆ, ಮಗಳು ಶಿಕಾಗೋದಲ್ಲಿ ಇದ್ದಾಳೆಂದು ನಮ್ಮ ಬಡಾವಣೆಗೆ ಬಂದಿದ್ದರು. ಹೆಸರು ಹಿಡಿದು ಕರಿ ಅಂತ ಎಷ್ಟು ಹೇಳಿದರೂ ಅಷ್ಟು ಹಿರಿಯರ ಹೆಸರು ಹಿಡಿಯಲು ನನ್ನ ನಾಲಿಗೆ ಏಳಲಿಲ್ಲ. ನನ್ನ ಮಕ್ಕಳೇನೋ ಧಾರಾಳವಾಗಿ ಹೆಸರಲ್ಲೇ ಕೂಗುತ್ತಿದ್ದವು. ಇಲ್ಲೇ ಹುಟ್ಟಿದವು ನೋಡಿ!

ಆಂಟಿಯ ಅಪ್ಪ ಬಸ್ ಕಂಡಕ್ಟರ್ ಆಗಿದ್ದರಂತೆ. ಮೊದಲ ಪುಸ್ತಕ ಬರೆದದ್ದು ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ, ಊಟದ ಮೇಜಿನ ಮೇಲೆ. ಬಹುಮಾನದ ದಿನ ಹೇಗಿತ್ತು ಅಂತ ನಾನು ಬಾಯಿ ಬಿಟ್ಟುಕೊಂಡು ಕೇಳಿದರೆ, ಅವರಿಗೆ ನೆನಪಿದ್ದದ್ದು ತಂಗಿಯಿಂದ ಕೇಳಿ ತಂದ ಬೂಟು ಹಿಮ್ಮಡಿ ಕಚ್ಚಿದ್ದು ಮಾತ್ರ. ಗಂಡ ಹೋದ ಮೇಲೆ ಬರವಣಿಗೆ ನಿಂತುಬಿಟ್ಟಿತ್ತು. ದಿನಾ ಬೆಳಿಗ್ಗೆ ಪೆನ್ಸಿಲ್ ಹಿಡಿದು ಕೂರುವುದು, ಒಂದು ಸಾಲೂ ಬಾರದೆ ಎದ್ದು ಕಿತ್ತಳೆ ಸಿಪ್ಪೆಯ ಜಾಮು, ಅದೇ ಮಾರ್ಮಲೇಡ್, ಕುದಿಸುವುದು. ನಮ್ಮ ಫ್ರಿಜ್ ತುಂಬ ಅದೇ ಬಾಟಲಿಗಳು. ಪಾಪ ಅನಿಸುತ್ತಿತ್ತು ನನಗೆ.

ಪಾಪ ಅನಿಸಿದ್ದಕ್ಕೇ ಇರಬೇಕು, ನಾನು ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದ್ದು. ಥರ್ಮಾಮೀಟರ್ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದು ಶಾಲೆ ಆಫೀಸು ಎಲ್ಲ ಬಂದ್ ಆಗಿದ್ದ ದಿನ. ಅವರ ಅಡುಗೆಮನೆಯಲ್ಲಿ ಕೂತು ನಮ್ಮ ಬಾಗಲಕೋಟೆಯ ಮನೆಯ ಕಥೆ ಹೇಳಿದೆ. ನಾಲ್ಕನೇ ಇಯತ್ತೆಯಲ್ಲಿದ್ದೆ ಆಗ. ಒಂದು ಮುಂಜಾನೆ ವೈನಿ ನನ್ನ ಪಾಟೀಚೀಲದೊಳಗಿನ ಪುಸ್ತಕ ಎಲ್ಲ ತೆಗೆದಿಟ್ಟು, ಎರಡು ಸೀರೆ ತುರುಕಿಕೊಂಡು ಬಸ್ ಹತ್ತಿ ಹೋದಳು. ಮತ್ತೆ ಬರಲಿಲ್ಲ. ಮನೆಯವರು ಎಳ್ಳುನೀರು ಬಿಟ್ಟು, ಸತ್ತಳು ಅಂತ ಹೇಳಿಬಿಟ್ಟರು. ನನ್ನ ತಮ್ಮ ಇನ್ನೂ ಸಣ್ಣವ. ಅವನಿಗೆ ಜ್ವರದ ಕಥೆ ಹೇಳಿದರು. ಹೋದದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಅದಕ್ಕೇ ಅವನ ತಲೆ ಮೇಲೆ ಕೈ ಇಡಿಸಿ, ಇವನಿಗೆಂದೂ ಹೇಳುವುದಿಲ್ಲ ಅಂತ ನನ್ನಿಂದ ಆಣೆ ಹಾಕಿಸಿದರು. ಇಂಜಿನಿಯರ್ ಆಗಿ, ಅಮೆರಿಕಕ್ಕೆ ಬಂದು ಇಷ್ಟು ವರ್ಷವಾದರೂ ಆ ಆಣೆ ನೆನಪಾದರೆ ನನ್ನ ಕೈ ತಣ್ಣಗಾಗುತ್ತದೆ. ತಮ್ಮ ಈಗ ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ ಡಾಕ್ಟರ್.

ಆಂಟಿ ಒಮ್ಮೆಯೂ "ಯಾಕೆ ಹೋದಳು" ಅಂತ ಕೇಳಲಿಲ್ಲ. ಕಾಲಲ್ಲಿ ಏನು ಹಾಕಿಕೊಂಡಿದ್ದಳು? ಚೀಲ ಯಾವ ಬಣ್ಣ? ತಿರುಗಿ ನೋಡಿದಳಾ? ಅವರು ಕೇಳುತ್ತಿದ್ದದ್ದೇ ಹಾಗೆ. ಕೆಲಸವೇ ಅದು ಅಂತ ಆಗ ನನಗೆ ಹೊಳೆಯಬೇಕಿತ್ತು... ಹೊಳೆಯಲಿಲ್ಲ. ಮಾರನೆಯ ವಾರದಿಂದ ಮಾರ್ಮಲೇಡ್ ಬರುವುದು ನಿಂತಿತು. ಆಂಟಿ ಬರೆಯಲು ಹತ್ತಿದ್ದರು.

ಪುಸ್ತಕ ಬಂತು. ತಾವೇ ಸಹಿ ಹಾಕಿ ಕೊಟ್ಟರು. ಓದುತ್ತಾ ಹೋದೆ. ಬಾಗಲಕೋಟೆ, ಪಾಟೀಚೀಲ, ಬಸ್ಸು, ಎಲ್ಲ ಇದ್ದಾವೆ! ಆ ಕಥೆಯಲ್ಲಿ ವೈನಿ ಯಾರೆಂದರೆ ಹುಡುಗಿಯ ಅಣ್ಣನ ಹೆಂಡತಿ. ಪುಸ್ತಕ ಹಿಡಿದುಕೊಂಡೇ ಅವರ ಮನೆಗೆ ನುಗ್ಗಿದೆ. "ಇದು ನನ್ನ ಮಾತು, ನಿಮಗೆ ನಂಬಿ ಹೇಳಿದ್ದು" ಅಂದೆ. ಆಂಟಿ ನಿಧಾನವಾಗಿ, "ಯಾರೂ ಗುರುತು ಹಿಡಿಯುವುದಿಲ್ಲ. ಅತ್ತಿಗೆಯೊಬ್ಬಳು ಮನೆ ಬಿಟ್ಟು ಹೋದ ಕಥೆ ತಾನೇ? ನಾನು ಪದದ ಅರ್ಥ ಕೂಡ ಹುಡುಕಿ ನೋಡಿದ್ದೇನೆ" ಅಂದರು.

ಆಗ ಗೊತ್ತಾಯಿತು. ನಮ್ಮ ಕಡೆ ವೈನಿ ಅಂದರೆ ಅತ್ತಿಗೆ, ನಿಜ. ಆದರೆ ದೊಡ್ಡ ಮನೆಗಳಲ್ಲಿ ಕಾಕಾಗಳು, ಅತ್ತೆಯಂದಿರು ಎಲ್ಲ ನಮ್ಮಮ್ಮನನ್ನು "ವೈನೀ" ಅಂತ ಕೂಗಿದರೆ, ಕೇಳಿ ಕೇಳಿ ಮಕ್ಕಳೂ ಅದನ್ನೇ ಕಲಿಯುತ್ತವೆ. ಅವ್ವ ಅಂದರೆ ನಮಗೆ ಅಜ್ಜಿ. ನಾನೂ ತಮ್ಮನೂ ಹೆತ್ತ ತಾಯಿಯನ್ನು ಕರೆದದ್ದೇ ವೈನಿ ಅಂತ. ಆಂಟಿಗೆ ಅದನ್ನು ಬಿಡಿಸಿ ಹೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

"ಅವಳು ನಮ್ಮ ತಾಯಿ" ಅಂದೆ.

ಆಂಟಿ ಕುರ್ಚಿ ಎಳೆದು ಕೂತರು. ಆಮೇಲೆ ಅಂದದ್ದು, "ಹಾಗಾದರೆ ಇಡೀ ಪುಸ್ತಕವೇ ತಪ್ಪಾಯಿತು."

ನನಗೆ ಮೈಯೆಲ್ಲ ಉರಿದು ಹೋಯಿತು. ಅಲ್ಲರೀ, ನನ್ನ ತಾಯಿ ಹೋದಳು ಅನ್ನುವುದಕ್ಕಿಂತ ಇವರಿಗೆ ಇವರ ಪುಸ್ತಕ ಹೆಚ್ಚಾಯಿತೇ! ದಡಾರನೆ ಬಾಗಿಲು ಹಾಕಿಕೊಂಡು ಬಂದೆ. ಆ ಚಳಿಗಾಲವೆಲ್ಲ ಮಾತಿಲ್ಲ. ಅವರ ಡ್ರೈವ್‌ವೇಯ ಹಿಮ ನನ್ನ ಗಂಡನೇ ತೆಗೆಯುತ್ತಿದ್ದರು. ನಾನು ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಿದ್ದೆ. ಹೋದ ಮಾರ್ಚ್‌ನಲ್ಲಿ ಆಂಬ್ಯುಲೆನ್ಸ್ ಬಂತು. ಆಂಟಿ ಆಸ್ಪತ್ರೆಯಿಂದ ವಾಪಸು ಬರಲಿಲ್ಲ.

ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಈ ಶರತ್ಕಾಲದಲ್ಲಿ ತಮ್ಮನ ಹೆಂಡತಿಯ ಬುಕ್ ಕ್ಲಬ್‌ನವರು ಅದೇ ಪುಸ್ತಕ ಆರಿಸಿಕೊಂಡರು. ಅವಳಿಗೇನು ಗೊತ್ತು, ಅತ್ತೆಯನ್ನು ಕಂಡವಳಲ್ಲ. ಆದರೆ ಮೇಜಿನ ಮೇಲಿದ್ದ ಪುಸ್ತಕವನ್ನು ತಮ್ಮ ಕೈಗೆತ್ತಿಕೊಂಡಿದ್ದಾನೆ. ಒಂದು ಭಾನುವಾರ ಫೋನ್ ಬಂತು.

"ಅಕ್ಕಾ, ಡ್ರೈವ್ ಮಾಡಾಕತ್ತಿಯೇನು?"

"ಇಲ್ಲೋ, ಮನ್ಯಾಗ ಅದೀನಿ."

"ನಿಮ್ಮ ಆಂಟಿ ಪುಸ್ತಕದಾಗಿನ ವೈನಿ... ಆಕಿ ನಮ್ಮ ವೈನಿನ ಹೌದಲ್ಲ? ಜ್ವರ ಬಂದಿದ್ದಿಲ್ಲಲ್ಲ?"

ಸಣ್ಣವನಿದ್ದಾಗಿನ ಅವನ ತಲೆ ನನ್ನ ಅಂಗೈಗೆ ತಾಕಿದಂತಾಯಿತು. "ಇಲ್ಲಪ್ಪಾ" ಅಂದೆ. ಬೈಯಲಿ ಅಂತ ಕಾದೆ. ಅವನು ಬೈಯಲಿಲ್ಲ.

"ಕಡೀಕ ಆಕಿ ನಗ್ತಾಳಲ್ಲ, ಬಾಯಿಗೆ ಸೆರಗು ಅಡ್ಡ ಹಿಡಕೊಂಡು, ಭುಜ ಅಲ್ಲಾಡಿಸಿಕೋತ, ಸಪ್ಪಳಿಲ್ಲದ... ಅದೊಂದ ಹಾಳಿ ಮತ್ತ ಮತ್ತ ಓದಾಕತ್ತೀನಿ. ನನಗ ಆಕಿ ಮುಖಾನ ನೆನಪಿಲ್ಲಕ್ಕಾ. ಹಂಗ ನಗ್ತಿದ್ಲೇನು?"

ಆ ಮನೆಯಲ್ಲಿ ವೈನಿ ನಕ್ಕದ್ದನ್ನು ನಾನು ಕಂಡೇ ಇಲ್ಲ. ಭುಜ ಅಲ್ಲಾಡಿಸಿಕೊಂಡು, ಸದ್ದಿಲ್ಲದೆ ಹಾಗೆ ನಗುತ್ತಿದ್ದವರು ಆಂಟಿ. ಸೆರಗಿರಲಿಲ್ಲ, ಅಡುಗೆಮನೆಯ ಟವೆಲ್ ಇರುತ್ತಿತ್ತು. ನನ್ನಿಂದ ಸಿಗದ ನಗುವಿನ ಜಾಗಕ್ಕೆ ತಮ್ಮದೇ ನಗುವನ್ನು ವೈನಿಗೆ ಕೊಟ್ಟು ಬರೆದಿದ್ದರು.

"ಹೂಂ, ಹಂಗ ನಗ್ತಿದ್ಲು" ಅಂದೆ.

ಈಗ ಡಿಸೆಂಬರಿಗೆ ಊರಿಗೆ ಹೋಗಿ ಅವಳನ್ನು ಹುಡುಕುತ್ತೇನೆ ಅಂತ ತಮ್ಮ ಟಿಕೆಟ್ ಬುಕ್ ಮಾಡಿದ್ದಾನೆ. ಬದುಕಿದ್ದರೆ ಆ ನಗುವಿನಿಂದಲೇ ಗುರುತು ಹಿಡಿಯುತ್ತಾನಂತೆ. ನಾನು ಏನಂತ ಹೇಳಲಿ? ವೈನಿ ಸಿಕ್ಕರೂ ಸಿಗಬಹುದು. ಹಾಗೆ ನಗುವವರು ಮಾತ್ರ ಇಲ್ಲೇ, ನನ್ನ ಪಕ್ಕದ ಮನೆಯಲ್ಲೇ ಇದ್ದರು, ನಾನು ಮಾತು ಬಿಟ್ಟಿದ್ದೆ.