ತಡವಾಗಿತ್ತು, ಅಷ್ಟೇ

ಕಾಕುವಿನ ಕೆಳದುಟಿಯ ಮೇಲೆ ಒಂದು ಕಪ್ಪು ಗೀರಿತ್ತು. ಹಿರಿಯರೆದುರು ಬಾಯಿಗೆ ಮಾತು ಬಂದಾಗಲೆಲ್ಲ ಅವಳು ತುಟಿಯನ್ನು ಹಲ್ಲಿನಿಂದ ಒತ್ತಿ ಹಿಡಿಯುತ್ತಿದ್ದಳು. ಹಿಡಿದು ಹಿಡಿದು ಆದ ಗುರುತು ಅದು.

ಚಿಕ್ಕಪ್ಪನ ಹೆಂಡತಿಯನ್ನು ಕರೆಯುವಂತೆ ಕಾಕು ಎಂದು ಕರೆಯುತ್ತಿದ್ದೆವಾದರೂ ಅವಳು ನೆರೆಯವಳು. ಗದಗಿನಲ್ಲಿ ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದ ಎರಡು ಮನೆತನಗಳು ನಮ್ಮವು. ಎರಡು ಮನೆಗೂ ಒಂದೇ ಹಿತ್ತಲು, ಒಂದೇ ಬಾವಿ. ಬಾವಿಯ ಮಗ್ಗುಲಲ್ಲಿ ಒಂದು ತಗಡಿನ ಚಪ್ಪರ. ಮುಟ್ಟಾದ ಹೆಂಗಸರು ಹೊರಗೆ ಕೂಡುತ್ತಿದ್ದುದು ಅಲ್ಲಿ. ಹಾಗಾಗಿ ಈ ತಿಂಗಳು ಯಾರು ಕೂಡಲಿಲ್ಲ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಕಾಕುವಿನ ಒಬ್ಬಳೇ ಮಗಳನ್ನು ಅವಳ ಗಂಡ ಲಕ್ಷ್ಮೇಶ್ವರದಿಂದ ಕರೆತಂದು ಬಿಟ್ಟುಹೋದ. ಮಗಳು ಊಟ ಬಿಟ್ಟಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ತಿಂಗಳುಗಳು ಕಳೆದರೂ ಅವಳು ಚಪ್ಪರಕ್ಕೆ ಬರಲಿಲ್ಲ. ಗಂಡ ಬಿಟ್ಟವಳು ಬಸುರಿಯಾದಳೆಂದು ಹೆದರಿ ಕಾಕುವಿನ ಅತ್ತೆ ಯಾವುದೋ ಬೇರು ಅರೆದು ಕೊಟ್ಟಳು. ಹುಡುಗಿ ಉಳಿಯಲಿಲ್ಲ. ಕೊನೆಗೆ ಕರೆಸಿದ ಬೆಟಗೇರಿಯ ಡಾಕ್ಟರಬಾಯಿ, ಹೊಟ್ಟೆಯಲ್ಲಿ ಏನೂ ಇರಲಿಲ್ಲವೆಂದು ಹೇಳಿದಳು.

ಆಗ ನಾನು ಚಿಕ್ಕವಳು. ಇದು ನನಗೆ ತಿಳಿದದ್ದು ನಾಡು ಒಂದಾದ ವರ್ಷ. ನಾನು ಮೈನೆರೆದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ವಿಷಮಶೀತ ಜ್ವರದಲ್ಲಿ ಬಿದ್ದು ಎದ್ದಿದ್ದೆ, ತಲೆಗೂದಲು ಉದುರಿತ್ತು. ಮುಂಡರಗಿಯ ಕಡೆ ನನ್ನ ಲಗ್ನದ ಮಾತು ಮುಗಿದಿತ್ತು. ಜ್ವರ ಬಿದ್ದಾಗಿನಿಂದ ಚಪ್ಪರಕ್ಕೆ ಮಾತ್ರ ನಾನು ಹೋಗಿರಲಿಲ್ಲ.

ಊರಲ್ಲಿ ಮೆರವಣಿಗೆ ಹೊರಟ ಮಧ್ಯಾಹ್ನ, ಗಂಡಸರೆಲ್ಲ ಅದನ್ನು ನೋಡಲು ಹೋಗಿದ್ದಾಗ, ಅಜ್ಜಿ ನನ್ನೆದುರು ಒಂದು ಲೋಟ ತಂದಿಟ್ಟಳು. ಅವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬೇರಿನ ವಾಸನೆ ಹಿತ್ತಲಿಗೆ ಹೋಗಿರಬೇಕು. ಕಾಕು ಒಳಗೆ ಬಂದಳು.

“ಏನದು, ಅತ್ಯಾ?” ನನ್ನ ಅಜ್ಜಿಯನ್ನೂ ಅವಳು ಹಾಗೇ ಕರೆಯುತ್ತಿದ್ದಳು.

“ನಿನಗ್ಯಾಕ ಉಸಾಬರಿ? ನಿನ್ನ ಮನಿ ನೋಡ್ಕೊ ಹೋಗು,” ಎಂದಳು ಅಜ್ಜಿ.

“ನೋಡ್ಕೊಂಡ ಬಂದೀನ್ರಿ. ಅಲ್ಲಿ ಯಾರೂ ಉಳದಿಲ್ಲ.”

“ಲಗ್ನಕ್ಕ ನಿಂತ ಹುಡುಗಿ. ನಾಳೆ ಮಂದಿ ಮಾರಿ ಮ್ಯಾಲೆ ಉಗಳಿದ್ರ ನೀ ಬಂದು ಒರಸ್ತೀಯೇನು?”

“ಒರಸ್ತೀನಿ. ಬೇರು ಅರದವರು ನಮ್ಮತ್ತಿ, ಆದ್ರ ನನ್ನ ಮಗಳಿಗೆ ಲೋಟ ಹಿಡದಾಕಿ ನಾನ, ಅತ್ಯಾ. ಡಾಕ್ಟರಬಾಯಿ ಎಲ್ಲಾ ಬಿಡಿಸಿ ಹೇಳಿದ್ಲು, ಆಕೀನ್ನ ಸುಟ್ಟ ಬಂದ ಮ್ಯಾಲೆ. ಜ್ವರ ಬಂದ್ರ ನಿಲ್ತದ. ಹೊಟ್ಟಿಗಿಲ್ಲದ ಸೊರಗಿದ್ರ ನಿಲ್ತದ. ಚಿಂತಿ ಹತ್ತಿದ್ರ, ಅಂಜಿದ್ರ ನಿಲ್ತದ. ಹೊಸದಾಗಿ ದೊಡ್ಡಾಕಿ ಆದವರಿಗೆ ಹಿಂದ ಮುಂದ ಆಗೂದಂತೂ ಖರೆ. ಬಸುರೊಂದ ಕಾರಣ ಅಲ್ಲ. ಈ ಹುಡುಗಿ ಮಾರಿ ನೋಡ್ರಿ. ಏನ ಉಳದದ ಇದರಾಗ?”

ಲೋಟವನ್ನು ತಾನೇ ಒಯ್ದು ಬಾವಿಕಟ್ಟೆಯ ಆಚೆ ಚೆಲ್ಲಿದಳು.

ಮೈಯಲ್ಲಿ ರಕ್ತ ತುಂಬಿಕೊಂಡ ಮೇಲೆ, ಒಂದು ಬೆಳಿಗ್ಗೆ, ನಾನು ಚಪ್ಪರದಲ್ಲಿ ಕುಳಿತೆ. ಅಜ್ಜಿ ದೂರದಿಂದಲೇ ನೋಡಿ, ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಕಾಕು ಶೇಂಗಾ, ಬೆಲ್ಲ ತಂದಳು. ತಟ್ಟೆಯನ್ನು ದೂರ ಇಟ್ಟು ಸರಿಸಬೇಕಿತ್ತು. ಅವಳು ಮಡಿಯಲ್ಲಿದ್ದಳು. ಆದರೂ ನೇರ ಬಂದು, ನನ್ನ ಮಗ್ಗುಲಿಗೆ ಕುಳಿತು, ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ನನಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ.

“ಆಕೀನೂ ಹಿಂಗ ಬಂದು ಕೂಡ್ತಿದ್ಲು,” ಎಂದಳು. “ತಡಾ ಆಗಿತ್ತು, ಅಷ್ಟ. ನಾ ಕಾಯಲಿಲ್ಲ.”

ಆ ಮೇಲೆ ನಾನು ಚಪ್ಪರದಲ್ಲಿದ್ದಾಗಲೆಲ್ಲ ಕಾಕು ಬಾವಿಕಟ್ಟೆಗೆ ಬಂದು, ನನ್ನನ್ನು ನೋಡಿ, ನೀರು ಸೇದದೆ ಬರಿಗೊಡದೊಂದಿಗೆ ಮರಳುತ್ತಿದ್ದಳು.

ಲಗ್ನವಾದ ಮೇಲೆ ಒಮ್ಮೆ ತವರಿಗೆ ಬಂದಿದ್ದೆ. ಕಾಕು ತೀರಿಹೋದದ್ದು ಆಗ. ನಾನು ಅಂದು ಹೊರಗೆ ಕುಳಿತಿದ್ದೆ. ಎದ್ದು ಹೊರಟವಳನ್ನು ಅಜ್ಜಿ, ಅವ್ವ ಇಬ್ಬರೂ ಅಡ್ಡ ನಿಂತು ತಡೆದರು. ಕಾಕುವಿನ ಮನೆಯ ಹಿತ್ತಲ ಬಾಗಿಲಿನಿಂದ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ತುಟಿಯ ಮೇಲೆ ಆ ಗೀರು ಕೊನೆಯವರೆಗೂ ಇತ್ತೋ ಏನೋ, ನನಗೆ ಕಾಣಲಿಲ್ಲ.